ಚಳಿಜ್ವರ ಬರೆದ ವಂಶಾವಳಿ

ಭಾಗಮಂಡಲದಿಂದ ಪಾಣತ್ತೂರಿನ ಕಡೆಗೆ ಘಟ್ಟವಿಳಿಯುವ ಬಸ್ಸಿನಲ್ಲಿ ಒಮ್ಮೆ ನಾನು ಕರಿಕೆಗೆ ಹೋಗುತ್ತಿದ್ದೆ. ಕೊಡಗು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಮಂಜು ಮುಸುಕಿದ ಬೆಟ್ಟ, ಕಾಫಿಯ ತೋಟ, ಬೆಳಗಿನ ಚಳಿ, ಇವುಗಳಿಂದ ಕರಿಕೆ ತುಸು ದೂರವೇ ನಿಂತ ಊರು. ತಲಕಾವೇರಿಯ ಬೆಟ್ಟಸಾಲಿನ ಪಡುವಣ ಇಳಿಜಾರಿನಲ್ಲಿ ಅದು ಇದೆ. ಅಲ್ಲಿ ಬಿದ್ದ ಮಳೆಗೆ ಕಾವೇರಿಯ ಋಣವಿಲ್ಲ. ಅದು ಕಾಡಿನ ಹಳ್ಳಗಳನ್ನು ಹಿಡಿದು ಕೇರಳದ ಕಡೆಗೆ ಹರಿದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಜನರ ಮಾತಿನಲ್ಲಿಯೂ ಅರೆಭಾಷೆ, ಮಲೆಯಾಳ, ತುಳು, ಕನ್ನಡ ಎಲ್ಲವೂ ಬೆರೆತಿವೆ. ಮೇಲಿನ ನಾಡಿನ ತಂಪು ಇಳಿಯುತ್ತ ಇಳಿಯುತ್ತ ಹಿಂದೆ ಉಳಿದು, ಗಾಳಿಯಲ್ಲಿ ಕರಾವಳಿಯ ಸೆಕೆ ಬೆರೆಯುವುದು ಮೈಗೇ ತಿಳಿಯುತ್ತದೆ.

ನನ್ನ ಪಕ್ಕದಲ್ಲಿ ಆ ಸೀಮೆಯವರೇ ಆದ ಹಿರಿಯ ಕೃಷಿಕರೊಬ್ಬರು ಕುಳಿತಿದ್ದರು. ವಿರಾಜಪೇಟೆಯ ಕಡೆಯಿಂದ ತೋಟದ ಕೆಲಸಕ್ಕೆಂದು ಬಂದಿದ್ದ ಕೆಲವರು ನಡುವೆ ಹತ್ತಿ ಹಿಂದಿನ ಸೀಟುಗಳಲ್ಲಿ ಕುಳಿತರು. ಹಿರಿಯರು ನನ್ನ ಕಡೆಗೆ ಬಾಗಿ, "ಇವರು ಪಣಿ ಎರವರು, ಸಾರ್. ಮೂಲ ಆಫ್ರಿಕದವರಂತೆ. ಹಡಗು ಒಡೆದು ಮಲಬಾರಿನ ಕರೆಗೆ ಬಂದು ಬಿದ್ದವರಂತೆ. ಇಂಗ್ಲಿಷಿನವರ ಪುಸ್ತಕದಲ್ಲೇ ಇದೆ," ಎಂದರು. ಅವರ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ತಿಳಿದವರೊಬ್ಬರು ತಿಳಿಯದವನಿಗೆ ಹೇಳುವ ಸೌಜನ್ಯವಿತ್ತು. ಆ ಮಾತು ಎಲ್ಲಿಂದ ಹುಟ್ಟಿತು, ಯಾರು ಯಾರ ಬಾಯಿಯಿಂದ ದಾಟಿ ಬಂದಿತು, ರಕ್ತಪರೀಕ್ಷೆಯ ವಿದ್ಯೆ ಬಂದ ಮೇಲೆ ಅದಕ್ಕೆ ಏನಾಯಿತು ಎಂಬ ಕಥೆಯನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ.

ಪುಸ್ತಕದಲ್ಲಿ ಇರುವುದು ನಿಜ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತ ಏಳು ಸಂಪುಟಗಳನ್ನು ಹೊರತಂದರು. ಥರ್ಸ್ಟನ್ ಅಳತೆಯ ಮನುಷ್ಯ. ಮೂಗಿನ ಅಗಲ, ತಲೆಯ ಉದ್ದ, ಇವುಗಳನ್ನು ಅಳೆದು ಮನುಷ್ಯರನ್ನು ವರ್ಗಗಳಾಗಿ ವಿಂಗಡಿಸಬಹುದೆಂದು ಆ ಕಾಲದ ಪಂಡಿತರು ನಂಬಿದ್ದಂತೆ ಅವರೂ ನಂಬಿದ್ದರು. ಪಣಿಯರ ವಿಷಯ ಬಂದಾಗ ಅವರು ಬರೆದುದರ ಸಾರಾಂಶ ಇಷ್ಟು: ವೈನಾಡಿನ ಐರೋಪ್ಯ ತೋಟಗಾರರಲ್ಲಿ, ಈ ಜನರ ಗುಂಗುರು ಕೂದಲನ್ನೂ ಮುಖಚರ್ಯೆಯನ್ನೂ ಕಂಡು, ಇವರು ಆಫ್ರಿಕದಿಂದ ಬಂದು ಮಲಬಾರಿನ ತೀರದಲ್ಲಿ ಹಡಗೊಡೆದು ಉಳಿದವರ ಸಂತತಿ ಎಂಬ ನಂಬಿಕೆ ಇದೆ, ಆದರೆ ವಿಚಾರಿಸಿ ನೋಡಿದರೆ ಈ ವಾದ ನಿಲ್ಲುವುದಿಲ್ಲ. ಎಂದರೆ ಥರ್ಸ್ಟನ್ ಆ ಕಥೆಯನ್ನು ಹೇಳಿದ ಉಸಿರಿನಲ್ಲಿಯೇ ಅದನ್ನು ತಳ್ಳಿಹಾಕಿದ್ದರು. ಮೂಗಳೆಯುವ ಆ ವಿದ್ಯೆಯನ್ನು ನಾವು ಇಂದು ಒಪ್ಪಬೇಕಾಗಿಲ್ಲ. ಆದರೂ ಈ ಒಂದು ಸಂಗತಿಯಲ್ಲಿ ಅವರಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕು. ಪುಸ್ತಕಗಳ ಹಣೆಬರಹವೇ ಹೀಗೆ. ಮೊದಲನೆಯ ವಾಕ್ಯ ಊರೂರು ತಿರುಗುತ್ತದೆ, ಎರಡನೆಯದು ಕಪಾಟಿನಲ್ಲೇ ಉಳಿಯುತ್ತದೆ.

ತೋಟಗಾರರಿಗೆ ಈ ಕಥೆ ಏಕೆ ಅಷ್ಟು ಇಷ್ಟವಾಯಿತು ಎಂಬುದನ್ನು ಯೋಚಿಸಬೇಕು. ಪಣಿ ಎಂದರೆ ಕೆಲಸ. ಪಣಿಯ ಎಂದರೆ ಕೆಲಸದಾಳು. ಒಂದು ಜನಸಮುದಾಯದ ಹೆಸರೇ ದುಡಿಮೆಯಾಗಿಬಿಟ್ಟಿದೆ. ಕೊಡಗಿನಲ್ಲಿಯೂ ವೈನಾಡಿನಲ್ಲಿಯೂ ಇವರು ಭೂಮಿಯೊಡನೆ ಕೈಬದಲಾಗುತ್ತಿದ್ದ ಜನ. ದಾಸ್ಯವನ್ನು ಕುರಿತ ಕಾನೂನು 1843ರಲ್ಲಿ ಬಂದಿತು. ಜೀತ ಮಾತ್ರ ಬೇರೆ ಬೇರೆ ವೇಷಗಳಲ್ಲಿ ಉಳಿಯಿತು. ವೈನಾಡಿನ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಒಂದು ವರ್ಷದ ದುಡಿಮೆಗೆ ಪಣಿಯರನ್ನು ಮಾತನಾಡಿ ಗೊತ್ತುಮಾಡಿಕೊಳ್ಳುವ, ದೇವಿಯ ಎದುರಿನಲ್ಲಿ ಮಾತು ಕೊಟ್ಟುದರಿಂದ ಮುರಿಯಲಾಗದಂತೆ ಕಟ್ಟಿಹಾಕುವ ಪದ್ಧತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧಕ್ಕೂ ನಡೆದುಬಂದಿತ್ತು. ಜೀತಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರ ಕಾನೂನು ಬಂದುದು 1976ರಲ್ಲಿ. ದಾಸರಾಗಿರುವವರನ್ನು ಕಂಡು, ದಾಸರೆಂದರೆ ಆಫ್ರಿಕದವರು ಎಂದು ಪರಿಚಯವಿದ್ದ ಐರೋಪ್ಯನಿಗೆ, ಇವರೂ ಅಲ್ಲಿಯವರೇ ಇರಬೇಕೆಂದು ತೋರಿತು. ಇಲ್ಲಿಯ ಜನರೇ ಇಲ್ಲಿಯ ಜನರನ್ನು ದಾಸರನ್ನಾಗಿ ಮಾಡಿಕೊಂಡ ಸಂಗತಿ ಆ ಹಡಗಿನ ಕಥೆಯ ಮರೆಗೆ ಸರಿಯಿತು. ನಮ್ಮವರಿಗೂ ಅದು ಅನುಕೂಲವಾಗಿಯೇ ಇತ್ತು.

ಇನ್ನು ಜ್ವರದ ಮಾತು. ಪಶ್ಚಿಮಘಟ್ಟದ ತಪ್ಪಲಿನಲ್ಲಿ, ಇಳಿಜಾರಿನ ಕಾಡುಗಳಲ್ಲಿ, ಚಳಿಜ್ವರ ಹಿಂದೆ ಹೇಗೆ ಆಳುತ್ತಿತ್ತೆಂಬುದನ್ನು ಇಂದಿನ ತರುಣರು ಊಹಿಸಲಾರರು. ಹುಲಿಗಿಂತ ಜನ ಅದಕ್ಕೆ ಹೆದರುತ್ತಿದ್ದರು. ತೋಟ ಹಾಕಲು ಬಂದವರು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಟ್ಟೆ ಊದಿ, ಮುಖ ಬಿಳಿಚಿಕೊಂಡು, ಗಂಟುಮೂಟೆ ಕಟ್ಟಿದ ಕಥೆಗಳು ಪ್ರತಿಯೊಂದು ಮನೆಯಲ್ಲಿಯೂ ಇವೆ. ನಿಂತ ಕೊಳಕು ನೀರಿನಲ್ಲಿ ಹುಟ್ಟುವ ಸೊಳ್ಳೆಯೇ ಜ್ವರ ತರುವುದೆಂದು ಪಟ್ಟಣದವರು ತಿಳಿದಿದ್ದಾರೆ. ಘಟ್ಟದ ಸೊಳ್ಳೆಯ ಗುಣ ಬೇರೆ. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಜಾತಿಯದು ಬೆಟ್ಟದ ತೊರೆಗಳ ಅಂಚಿನಲ್ಲಿ, ಮೆಲ್ಲನೆ ಹರಿಯುವ ತಿಳಿನೀರಿನಲ್ಲಿ ಮರಿಮಾಡುತ್ತದೆ. ನಾವು ಕವಿತೆ ಬರೆಯುವ ಝರಿಗಳೇ ಅದರ ತವರು. ಸೊಳ್ಳೆಯ ಹೊಟ್ಟೆಯಲ್ಲಿ ಜ್ವರದ ಜೀವಾಣುವನ್ನು 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಕಂಡ ರೊನಾಲ್ಡ್ ರಾಸ್, ಅದೇ ವರ್ಷ ಕೆಲವೇ ತಿಂಗಳು ಮೊದಲು ನೀಲಗಿರಿಯ ಸೀಗೂರು ಘಟ್ಟದಲ್ಲಿ ಜ್ವರದ ಬೇರನ್ನು ಹುಡುಕಲು ಹೋಗಿ ತಾನೇ ಚಳಿಜ್ವರ ಹಿಡಿಸಿಕೊಂಡಿದ್ದ. ಘಟ್ಟದ ತಪ್ಪಲು ಅವನನ್ನೂ ಬಿಡಲಿಲ್ಲ.

ಇಂಥ ಜ್ವರ ಒಂದು ನಾಡಿನಲ್ಲಿ ನೂರಾರು ತಲೆಮಾರು ನಿಂತರೆ ಜನರ ರಕ್ತದಲ್ಲಿ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆತುದು ಮೊದಲು ಆಫ್ರಿಕದಲ್ಲಿ, ಅದೂ ಸುತ್ತುಬಳಸಿನ ದಾರಿಯಲ್ಲಿ. ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್, ವೆಸ್ಟ್ ಇಂಡೀಸಿನ ಗ್ರೆನಾಡಾ ದ್ವೀಪದಿಂದ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿಯ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪು ಕಣಗಳಿದ್ದುದನ್ನು 1910ರಲ್ಲಿ ಪ್ರಕಟಿಸಿದ. ದುಂಡಗಿರಬೇಕಾದ ಕಣ ಬಾಗಿ ಗಡುಸಾದರೆ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲುಗಳಲ್ಲಿ ಸಹಿಸಲಾಗದ ನೋವು, ರಕ್ತಹೀನತೆ, ಎಳೆಯ ವಯಸ್ಸಿನ ಸಾವು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವನ ಸಂಗಡಿಗರು ಈ ದೋಷ ಹಿಮೋಗ್ಲೋಬಿನ್ ಎಂಬ ಅಣುವಿನಲ್ಲಿಯೇ ಇದೆಯೆಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಂ ಅದನ್ನು ಇನ್ನೂ ಬಿಡಿಸಿದ: 146 ಮಣಿಗಳ ಒಂದು ಸರದಲ್ಲಿ ಆರನೆಯ ಮಣಿ ಮಾತ್ರ ಬದಲಾಗಿದೆ. ಒಂದು ಕಾವ್ಯದಲ್ಲಿ ಒಂದು ಅಕ್ಷರ ತಪ್ಪಿ ಅರ್ಥವೇ ಕೆಟ್ಟಂತೆ.

ಆದರೆ ಮಕ್ಕಳನ್ನು ಕೊಲ್ಲುವ ಇಂಥ ತಪ್ಪು ತಲೆಮಾರಿನಿಂದ ತಲೆಮಾರಿಗೆ ಅಳಿಸಿಹೋಗದೆ ಏಕೆ ಉಳಿಯಿತು? ಕೀನ್ಯಾದಲ್ಲಿ ಬೆಳೆದು ಆಕ್ಸ್‌ಫರ್ಡಿನಲ್ಲಿ ಓದಿದ ಆಂಟನಿ ಆಲಿಸನ್ ಎಂಬಾತ ಪೂರ್ವ ಆಫ್ರಿಕದ ಬುಡಕಟ್ಟುಗಳ ರಕ್ತವನ್ನು ನೋಡುತ್ತಾ ಒಂದು ವಿಚಿತ್ರವನ್ನು ಕಂಡ. ಕಡಲ ತೀರದಲ್ಲಿಯೂ ವಿಕ್ಟೋರಿಯಾ ಸರೋವರದ ಸುತ್ತಲೂ ಈ ಗುಣ ಧಾರಾಳವಾಗಿತ್ತು. ಎತ್ತರದ ತಂಪು ನಾಡಿನಲ್ಲಿ ವಿರಳವಾಗಿತ್ತು. ಚಳಿಜ್ವರದ ನಕಾಶೆಯೂ ಹೀಗೆಯೇ ಇತ್ತು. ತಂದೆತಾಯಿಗಳಿಬ್ಬರಿಂದಲೂ ಈ ಗುಣ ಬಂದವನಿಗೆ ಕುಡುಗೋಲು ಕಣದ ರೋಗ. ಒಬ್ಬರಿಂದ ಮಾತ್ರ ಬಂದವನು ಆರೋಗ್ಯವಂತ, ಅಷ್ಟೇ ಅಲ್ಲ, ಮಾರಕವಾದ ಫಾಲ್ಸಿಪಾರಂ ಮಲೇರಿಯದಿಂದ ಬಹುಮಟ್ಟಿಗೆ ರಕ್ಷಿತ. ಆಲಿಸನ್ ಇದನ್ನು 1954ರಲ್ಲಿ ಪ್ರಕಟಿಸಿದ. ಐದು ವರ್ಷ ಮೊದಲೇ ಜೆ. ಬಿ. ಎಸ್. ಹಾಲ್ಡೇನ್ ಥಲಸೀಮಿಯ ಎಂಬ ಇನ್ನೊಂದು ರಕ್ತದೋಷದ ವಿಷಯದಲ್ಲಿ ಇಂಥದೇ ಊಹೆಯನ್ನು ಮುಂದಿಟ್ಟಿದ್ದ. ಮುಂದೆ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್.

ಕಥೆ ನಮ್ಮ ಬೆಟ್ಟಗಳಿಗೆ ಮರಳುವುದು ಇಲ್ಲಿಯೇ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಇಬ್ಬರು ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಕುಡುಗೋಲು ಕಣಗಳಿರುವುದನ್ನು ವರದಿಮಾಡಿದರು. ಅದುವರೆಗೆ ಈ ಗುಣ ಆಫ್ರಿಕದವರ ಸೊತ್ತೆಂದೇ ವೈದ್ಯಲೋಕ ತಿಳಿದಿತ್ತು. ಅಮೆರಿಕದಲ್ಲಿ ಬಿಳಿಯನೊಬ್ಬನ ರಕ್ತದಲ್ಲಿ ಕುಡುಗೋಲು ಕಣ ಕಂಡರೆ ಅವನ ವಂಶದ ಮೇಲೆಯೇ ಸಂಶಯ ಪಡುತ್ತಿದ್ದ ಕಾಲ ಅದು. ಹಾಗಿದ್ದಲ್ಲಿ ನೀಲಗಿರಿ, ವೈನಾಡುಗಳಲ್ಲಿ ಅದು ಕಂಡುದಕ್ಕೆ ಏನು ಅರ್ಥ? ತೋಟಗಾರರ ಹಳೆಯ ಹಡಗಿಗೆ ವಿಜ್ಞಾನವೇ ಹೊಸ ಹಾಯಿ ಕಟ್ಟಿಕೊಟ್ಟಂತಾಯಿತು.

ಲೇಮನ್ ಮಾತ್ರ ಹಡಗನ್ನು ಹಿಮ್ಮುಖವಾಗಿ ನಡೆಸಿದ. ನಾಜಿಗಳ ಜರ್ಮನಿಯನ್ನು ಬಿಟ್ಟು ಇಂಗ್ಲೆಂಡಿಗೆ ಬಂದ ಈ ವಿದ್ವಾಂಸ 1954ರಲ್ಲಿ ಬರೆದ ಲೇಖನವೊಂದರಲ್ಲಿ, ಈ ವಂಶವಾಹಿ ಏಷ್ಯದ ದಕ್ಷಿಣದ ಆದಿಜನರಲ್ಲಿ ಹುಟ್ಟಿ ಅರೇಬಿಯದ ಮೂಲಕ ಪೂರ್ವ ಆಫ್ರಿಕವನ್ನು ಸೇರಿರಬಹುದೆಂದು ಸೂಚಿಸಿದ. ತೋಟಗಾರರು ಆಫ್ರಿಕದಿಂದ ಇಲ್ಲಿಗೆ ಜನರನ್ನು ತಂದರೆ, ಲೇಮನ್ ಇಲ್ಲಿಂದ ಅಲ್ಲಿಗೆ ರಕ್ತವನ್ನು ಕಳುಹಿಸಿದ. ಇಬ್ಬರಿಗೂ ಒಂದೇ ಎಣಿಕೆ: ಒಂದೇ ಗುಣ ಎರಡು ಕಡೆ ಕಂಡರೆ ಒಂದು ಕಡೆಯವರು ಇನ್ನೊಂದು ಕಡೆಗೆ ಪ್ರಯಾಣ ಮಾಡಿರಲೇಬೇಕು.

ಇದನ್ನು ಪರೀಕ್ಷಿಸುವ ಉಪಾಯ ದೊರೆಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಹಳೆಯ ಓಲೆಗರಿಗಳನ್ನು ಸಂಪಾದಿಸುವವರಿಗೆ ಈ ಉಪಾಯ ಹೊಸದಲ್ಲ. ಎರಡು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ, ಒಂದು ಇನ್ನೊಂದರ ನಕಲೋ ಅಥವಾ ಇಬ್ಬರು ಲಿಪಿಕಾರರೂ ಬೇರೆ ಬೇರೆಯಾಗಿ ಅದೇ ತಪ್ಪನ್ನು ಮಾಡಿದರೋ ಎಂದು ತಿಳಿಯಬೇಕಾದರೆ ತಪ್ಪಿನ ಹಿಂದುಮುಂದಿನ ಸಾಲುಗಳನ್ನು ಹೋಲಿಸಬೇಕು. ವಂಶವಾಹಿಯ ವಿಷಯದಲ್ಲಿಯೂ ಹಾಗೆಯೇ. ಕುಡುಗೋಲು ಗುಣದ ಅಕ್ಷರದ ನೆರೆಹೊರೆಯನ್ನು ಓದಿದಾಗ, ಆಫ್ರಿಕದಲ್ಲಿ ಸೆನೆಗಲ್, ಬೆನಿನ್, ಬಂಟು, ಕ್ಯಾಮರೂನ್ ಎಂದು ಹೆಸರಿಸಲಾದ ನಾಲ್ಕು ಪಾಠಗಳು ಕಂಡವು. 1986ರಲ್ಲಿ ಆಂಡ್ರಿಯಾಸ್ ಕುಲೋಜಿಕ್ ಮತ್ತು ಸಂಗಡಿಗರು ಭಾರತದ್ದನ್ನೂ ಪೂರ್ವ ಅರೇಬಿಯದ್ದನ್ನೂ ಓದಿದಾಗ ಅಲ್ಲಿದ್ದುದು ಐದನೆಯ, ಬೇರೆಯದೇ ಆದ ಪಾಠ. ಅರಬ್-ಭಾರತೀಯ ಎಂದು ಅದಕ್ಕೆ ಹೆಸರಾಯಿತು. ಈ ಪಾಠವಿರುವವರಲ್ಲಿ ಗರ್ಭಸ್ಥ ಶಿಶುವಿನ ಕಾಲದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಹೆಚ್ಚಾಗಿ ಉಳಿದು, ರೋಗದ ಉಗ್ರತೆ ಎಷ್ಟೋ ಸಲ ತಗ್ಗಿರುತ್ತದೆ. ಆಫ್ರಿಕದ ನಾಲ್ಕು ಪಾಠಗಳೂ ಸುಮಾರು 7,300 ವರ್ಷಗಳ ಹಿಂದೆ ಒಂದೇ ಮೂಲದಿಂದ ಕವಲೊಡೆದವೆಂದು 2018ರಲ್ಲಿ ಡೇನಿಯಲ್ ಶ್ರೈನರ್ ಮತ್ತು ಚಾರ್ಲ್ಸ್ ರೋಟಿಮಿ ವಾದಿಸಿದ್ದಾರೆ. ಪಂಡಿತರ ಚರ್ಚೆ ಮುಗಿದಿಲ್ಲ. ಮುಗಿಯುವುದು ಹೇಗೇ ಇರಲಿ, ಮಲಬಾರಿನ ತೀರದಲ್ಲಿ ಒಡೆದ ಹಡಗಿಗೆ ಅದರಲ್ಲಿ ಸ್ಥಳವಿಲ್ಲ. ಪಣಿಯರ ಸಮಗ್ರ ವಂಶಲಿಪಿಯನ್ನು ಓದಿದ ಮೇಲಂತೂ, ದಕ್ಷಿಣ ಏಷ್ಯದ ಅತಿ ಪುರಾತನ ನಿವಾಸಿಗಳ ಪಾಲು ಯಾರಲ್ಲಿ ಅತ್ಯಧಿಕವಾಗಿ ಉಳಿದಿದೆಯೋ ಅಂಥವರ ಸಾಲಿನಲ್ಲಿ ಅವರು ಮುಂದೆ ನಿಂತಿದ್ದಾರೆ. ಹೊರಗಿನವರೆಂದು ನಾವು ಬೆರಳು ತೋರಿಸಿದವರೇ ಈ ಮಣ್ಣಿಗೆ ನಮ್ಮೆಲ್ಲರಿಗಿಂತ ಹಳಬರು.

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ವೈನಾಡಿನಲ್ಲಿ ಈ ಗುಣ ಪಣಿಯ, ಕುರುಮರಂಥ ಆದಿವಾಸಿಗಳಲ್ಲಿ ಮಾತ್ರವಲ್ಲ, ವೈನಾಡು ಚೆಟ್ಟಿಗಳೆಂಬ ಬೇಸಾಯಗಾರ ಸಮುದಾಯದಲ್ಲಿಯೂ ಧಾರಾಳವಾಗಿದೆ. ಗದ್ದೆಯ ಒಡೆಯನೂ ಗದ್ದೆಯ ಆಳೂ ಒಂದೇ ತೊರೆಯ ನೀರು ಕುಡಿದರು, ಒಂದೇ ಸೊಳ್ಳೆ ಇಬ್ಬರನ್ನೂ ಕಚ್ಚಿತು. ಪಂಕ್ತಿಭೇದ ಸೊಳ್ಳೆಗೆ ತಿಳಿಯದು.

ಈಗ ಆಫ್ರಿಕದ ಕಡೆಗೆ ತಿರುಗೋಣ. ಆಫ್ರಿಕದವರು ಎಂದು ನಾವು ಒಂದು ಮಾತಿನಲ್ಲಿ ಹೇಳಿಬಿಡುತ್ತೇವಲ್ಲ, ಆ ಒಂದು ಮಾತಿನೊಳಗೆ ಎಷ್ಟು ಜನ ಅಡಗಿದ್ದಾರೆ ಎಂಬುದು ಈಚಿನ ದಶಕಗಳಲ್ಲಿ ತಿಳಿದುಬಂದ ದೊಡ್ಡ ಸಂಗತಿ. ಮನುಷ್ಯಕುಲ ಅತಿ ದೀರ್ಘಕಾಲ ಬಾಳಿದುದು ಆ ಖಂಡದಲ್ಲಿ. ಹೊರಗೆ ಹೊರಟವರು ಒಂದು ಸಣ್ಣ ಗುಂಪು. ಉಳಿದ ಜಗತ್ತಿನ ರಕ್ತವೈವಿಧ್ಯವೆಲ್ಲ ಆಫ್ರಿಕದ ಭಂಡಾರದಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಒಂದಿಷ್ಟು ಕಾಳು ಎನ್ನಬಹುದು. ಐವತ್ತು ಆಫ್ರಿಕನ್ ಸಮುದಾಯಗಳ 426 ಜನರ ವಂಶಲಿಪಿಯನ್ನು ಪೂರ್ತಿಯಾಗಿ ಓದಿ 2020ರಲ್ಲಿ ಪ್ರಕಟಿಸಿದಾಗ, ಅದುವರೆಗೆ ಯಾರೂ ಕಾಣದಿದ್ದ 30 ಲಕ್ಷಕ್ಕೂ ಹೆಚ್ಚು ಪಾಠಾಂತರಗಳು ಅವರಲ್ಲಿ ದೊರೆತವು.

ಈ ವೈವಿಧ್ಯ ಅತ್ಯಂತ ದಟ್ಟವಾಗಿರುವುದು ರೋಗವನ್ನು ಎದುರಿಸುವ ವಂಶವಾಹಿಗಳಲ್ಲಿ. ನಮ್ಮ ಆರನೆಯ ವರ್ಣತಂತುವಿನ ಮೇಲೆ ಎಚ್‌ಎಲ್‌ಎ ಎಂದು ಕರೆಯುವ ಒಂದು ವಂಶವಾಹಿಗಳ ಗುಂಪಿದೆ. ದೇಹದ ಜೀವಕೋಶದೊಳಗೆ ನುಗ್ಗಿದ ರೋಗಾಣುವಿನ ಒಂದು ಚೂರನ್ನು ಹಿಡಿದು ಹೊರಬಾಗಿಲಿಗೆ ತಂದು, ಕಳ್ಳನ ಅಂಗಿಯ ತುಂಡನ್ನು ಊರ ತಳವಾರನಿಗೆ ತೋರಿಸುವಂತೆ, ಕಾವಲಿನ ಬಿಳಿಯ ಕಣಗಳಿಗೆ ತೋರಿಸುವುದು ಇವುಗಳ ಕೆಲಸ. ಒಂದೊಂದು ಬಗೆಯ ಕೈಗೆ ಒಂದೊಂದು ಬಗೆಯ ಚೂರು ಸಿಕ್ಕುತ್ತದೆ. ಆದುದರಿಂದ ಸಮುದಾಯದಲ್ಲಿ ಕೈಗಳ ಬಗೆ ಹೆಚ್ಚಿದ್ದಷ್ಟೂ ಯಾವ ರೋಗವೂ ಎಲ್ಲರನ್ನೂ ಒಟ್ಟಿಗೆ ಗುಡಿಸಿಕೊಂಡು ಹೋಗಲಾರದು. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ಏಡ್ರಿಯನ್ ಹಿಲ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದಂತೆ, ಬಿ-53 ಎಂಬ ಬಗೆಯಿರುವ ಮಕ್ಕಳಿಗೆ ಮಲೇರಿಯದ ಮಾರಕ ರೂಪ ಬರುವುದು ಕಡಿಮೆ. ಅಲ್ಲಿಯವರಲ್ಲಿ ಸಾಮಾನ್ಯವಾದ ಈ ಬಗೆ ಯೂರೋಪಿನವರಲ್ಲಿ ಬಹು ವಿರಳ. ಇನ್ನೊಂದು ಬಗೆ, ಬಿ-57ರ ಒಂದು ಕವಲು, ಕೀನ್ಯಾದ ಮಸಾಯಿಗಳಲ್ಲಿ ನೂರಕ್ಕೆ ಸುಮಾರು 13ರಷ್ಟು ಕಂಡಿತು. ನೈಜೀರಿಯದ ಯೊರುಬರಲ್ಲಿ ಕಾಣಲೇ ಇಲ್ಲ. ಇದು ಪಂಡಿತರ ಕುತೂಹಲದ ವಿಷಯವಷ್ಟೇ ಅಲ್ಲ. ಏಡ್ಸ್ ರೋಗಕ್ಕೆ ಕೊಡುವ ಅಬಾಕಾವಿರ್ ಎಂಬ ಔಷಧಿ ಈ ಕವಲಿನವರಿಗೆ ಅಪಾಯಕರವಾಗಬಹುದು. ಆಫ್ರಿಕದವನು ಎಂದು ಮಾತ್ರ ಬರೆದುಕೊಂಡು ಔಷಧಿ ಕೊಡುವ ವೈದ್ಯ ಏನನ್ನೂ ಬರೆದುಕೊಂಡಂತಾಗಲಿಲ್ಲ.

ಬುರ್ಕಿನಾ ಫಾಸೋ ದೇಶದ ಒಂದು ಉದಾಹರಣೆ ನನಗೆ ಬಹಳ ಅರ್ಥಪೂರ್ಣವೆನಿಸುತ್ತದೆ. ಅಲ್ಲಿ ದನಗಾಹಿಗಳಾದ ಫುಲಾನಿಗಳು ಮೊಸ್ಸಿ ಮೊದಲಾದ ಬೇಸಾಯಗಾರರ ನೆರೆಯಲ್ಲಿಯೇ ವಾಸವಾಗಿದ್ದಾರೆ. ಅದೇ ಸೊಳ್ಳೆ, ಅದೇ ಕಡಿತ. ಆದರೂ 1990ರ ದಶಕದಲ್ಲಿ ಡೇವಿಡ್ ಮೊಡಿಯಾನೋ ಮತ್ತು ಸಂಗಡಿಗರು ನೋಡಿದಾಗ ಫುಲಾನಿಗಳಲ್ಲಿ ಮಲೇರಿಯ ಕಡಿಮೆ, ಅದರ ವಿರುದ್ಧ ರಕ್ತದಲ್ಲಿ ಏಳುವ ಪ್ರತಿಕಾಯಗಳು ಹೆಚ್ಚು. ಕುಡುಗೋಲು ಗುಣ ಇವರಲ್ಲಿ ಹೆಚ್ಚಾಗಿರಬಹುದೆಂದು ಹುಡುಕಿದರೆ ಅದು ನೆರೆಯವರಿಗಿಂತಲೂ ಕಡಿಮೆಯಾಗಿತ್ತು. ಒಂದೇ ಜ್ವರಕ್ಕೆ ಒಂದೇ ಊರಿನಲ್ಲಿ ಇಬ್ಬರು ನೆರೆಯವರ ರಕ್ತ ಬೇರೆ ಬೇರೆ ಉತ್ತರಗಳನ್ನು ಬರೆದುಕೊಂಡಿತ್ತು. ಅಂತರ ಇರುವುದು ಖಂಡಗಳ ನಡುವೆ ಎಂದುಕೊಂಡವರಿಗೆ ಅದು ಎರಡು ಹಟ್ಟಿಗಳ ನಡುವೆಯೇ ಸಿಕ್ಕಿತು.

ಡಫಿ ಎಂಬ ರಕ್ತಗುಂಪಿನ ಕಥೆಯನ್ನೂ ಹೇಳಬೇಕು. ಅದು ನಮ್ಮ ನಾಡಿನ ತನಕ ಬರುತ್ತದೆ. ವೈವ್ಯಾಕ್ಸ್ ಎಂಬ ಮಲೇರಿಯದ ಜೀವಾಣು ಕೆಂಪು ಕಣದೊಳಗೆ ನುಗ್ಗಲು ಕಣದ ಮೈಮೇಲಿನ ಡಫಿ ಎಂಬ ಚಿಲಕವನ್ನು ಹಿಡಿಯುತ್ತದೆ. ಪಶ್ಚಿಮ ಆಫ್ರಿಕದಲ್ಲಿ ಬಹುತೇಕ ಎಲ್ಲರ ಕೆಂಪು ಕಣಗಳಲ್ಲಿಯೂ ಈ ಚಿಲಕವಿಲ್ಲ. ಆದುದರಿಂದಲೇ ಅವರಿಗೆ ವೈವ್ಯಾಕ್ಸ್ ತಾಗುವುದು ವಿರಳವೆಂದು 1970ರ ದಶಕದ ನಡುವಿನಲ್ಲಿ ಲೂಯಿ ಮಿಲ್ಲರ್ ಮತ್ತು ಸಂಗಡಿಗರು ಕಂಡುಹಿಡಿದರು. ಬಾಗಿಲು ಪೂರ್ತಿ ಭದ್ರವೇನಲ್ಲ. ಚಿಲಕವಿಲ್ಲದವರಿಗೂ ಈ ಜೀವಾಣು ತಗುಲಿದುದನ್ನು ಮಡಗಾಸ್ಕರಿನಲ್ಲಿ 2010ರಲ್ಲಿ ಕಂಡಿದ್ದಾರೆ. ಇದೇ ವಂಶವಾಹಿಯ ಕಾರಣದಿಂದ ಇಂಥವರ ರಕ್ತದಲ್ಲಿ ಒಂದು ಬಗೆಯ ಬಿಳಿಯ ಕಣಗಳ ಎಣಿಕೆ ಸಹಜವಾಗಿಯೇ ಕಡಿಮೆಯಿರುತ್ತದೆ. ಯೂರೋಪಿನವರ ಎಣಿಕೆಯನ್ನೇ ಮನುಷ್ಯರೆಲ್ಲರ ಎಣಿಕೆಯೆಂದು ಬಗೆದ ವೈದ್ಯಶಾಸ್ತ್ರ ಆರೋಗ್ಯವಂತರನ್ನು ಬಹುಕಾಲ ರೋಗಿಗಳೆಂದು ಎಣಿಸಿತು.

ನಮ್ಮ ರಾಜ್ಯದಲ್ಲಿ ನಿಜವಾಗಿಯೂ ಆಫ್ರಿಕದಿಂದ ಬಂದ ಜನರಿದ್ದಾರೆ, ಅವರು ಸಿದ್ದಿಗಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡುಗಳ ಕಾಡಿನಂಚಿನಲ್ಲಿ, ಧಾರವಾಡ ಬೆಳಗಾವಿಗಳ ಪಡುವಣ ಅಂಚಿನಲ್ಲಿ ಅವರ ಹಳ್ಳಿಗಳಿವೆ. ಪೋರ್ಚುಗೀಸರು ಗೋವೆಗೆ ತಂದ ದಾಸರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಿಂದೂ, ಕ್ರೈಸ್ತ, ಮುಸ್ಲಿಂ ಈ ಮೂರು ಮತಗಳವರೂ ಅವರಲ್ಲಿದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು 2011ರಲ್ಲಿ ಕರ್ನಾಟಕದ ಮತ್ತು ಗುಜರಾತಿನ ಸಿದ್ದಿಗಳ ವಂಶಲಿಪಿಯನ್ನು ಕುರಿತು ಬರೆದರು. ಬಹುಪಾಲು ಆಫ್ರಿಕದ ಬಂಟು ಜನರ ರಕ್ತ, ಅದರೊಡನೆ ಭಾರತದ್ದು, ಪೋರ್ಚುಗೀಸರದ್ದಿರಬಹುದಾದ ಒಂದು ಸಣ್ಣ ಪಾಲು. ಬೆರಕೆಯ ಕಾಲ ಸುಮಾರು 200 ವರ್ಷಗಳ ಹಿಂದೆ. ದಾಖಲೆಗಳಿಲ್ಲದ ದಾಸರ ಚರಿತ್ರೆಯಲ್ಲಿ ಇಂಥ ಒಂದು ಸಾಕ್ಷ್ಯಕ್ಕೂ ಬೆಲೆಯಿದೆ.

ಸಿದ್ದಿಗಳ ಬಂಧುಗಳೆನ್ನಬಹುದಾದವರು ಪಾಕಿಸ್ತಾನದ ಮಕ್ರಾನಿನ ಕರಾವಳಿಯಲ್ಲಿಯೂ ಇದ್ದಾರೆ. 2017ರಲ್ಲಿ ಪ್ಯಾರಿಸಿನ ವಿಜ್ಞಾನಿಗಳು ಅವರಲ್ಲಿ ಕಂಡುದು ಸೋಜಿಗದ ಸಂಗತಿ. ಆಫ್ರಿಕದ ಮತ್ತು ಬಲೂಚಿಯ ರಕ್ತಗಳು ಅಲ್ಲಿ ಬೆರೆತು ಸುಮಾರು 300 ವರ್ಷವಾಗಿದೆ. ಅಷ್ಟು ಅಲ್ಪಕಾಲದಲ್ಲಿಯೇ ಡಫಿಯ ಚಿಲಕವಿಲ್ಲದ ಆಫ್ರಿಕದ ಪಾಠ ನಿರೀಕ್ಷೆಗಿಂತ ಬಹಳ ಹೆಚ್ಚಾಗಿ ಹಬ್ಬಿಕೊಂಡಿದೆ. ವೈವ್ಯಾಕ್ಸ್ ಜ್ವರದ ನಾಡಿಗೆ ಬಂದ ದಾಸರು ಇನ್ನೇನನ್ನೂ ತರಲಾಗದಿದ್ದರೂ ರಕ್ತದಲ್ಲಿ ಒಂದು ಕಾವಲನ್ನು ತಂದಿದ್ದರು. ಅದು ಅವರ ಮಕ್ಕಳನ್ನು ಉಳಿಸಿತು. ಬೆರೆತ ನೆರೆಯವರ ಮಕ್ಕಳನ್ನೂ ಉಳಿಸಿತು.

ಇಂಥ ಸಂಗತಿಗಳನ್ನು ಹೇಳುವಾಗ ಎಚ್ಚರ ತಪ್ಪಿದರೆ ಮತ್ತೆ ಥರ್ಸ್ಟನ್ನನ ಕಾಲಕ್ಕೇ ಹೋಗಿ ನಿಲ್ಲುತ್ತೇವೆ. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಓಟಕ್ಕೆ ತರಬೇತು ಕೊಡಲು ತೊಡಗಿತು. ಆಫ್ರಿಕದ ರಕ್ತವಾದುದರಿಂದ ಪದಕ ಬಂದೇ ಬರುವುದೆಂಬ ಎಣಿಕೆ. ಆ ಮಕ್ಕಳಲ್ಲಿ ಕೆಲವರು ಚೆನ್ನಾಗಿ ಓಡಿದರು. ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಸಿದ್ದಿಗಳಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಲು 2003ರ ತನಕ ಕಾಯಬೇಕಾಯಿತು. ಅವರ ಕಾಲುಗಳ ಮೇಲೆ ದೇಶಕ್ಕೆ ಇದ್ದಷ್ಟು ಆಸಕ್ತಿ ಅವರ ಜಮೀನಿನ ಪಹಣಿಯ ಮೇಲೆ ಇರಲಿಲ್ಲವೆಂದರೆ ಕಟುವಾಯಿತೇನೋ. ಆದರೂ ಆ ಮಾತನ್ನು ಹಿಂದೆಗೆದುಕೊಳ್ಳಲು ನನಗೆ ಮನಸ್ಸಿಲ್ಲ.

ಈಗ ರಕ್ತದ ಓದು ಗ್ರಂಥಾಲಯವನ್ನು ಬಿಟ್ಟು ಹಾಡಿಗಳಿಗೆ ಬಂದಿದೆ. ಕುಡುಗೋಲು ಕಣದ ರೋಗವನ್ನು 2047ರೊಳಗೆ ಇಲ್ಲವಾಗಿಸಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾಯಿತು. ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ರಕ್ತವನ್ನು ಪರೀಕ್ಷಿಸುವುದು ಅದರ ಉದ್ದೇಶ. ಸೇರಿದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪರೀಕ್ಷೆಯಾದವರ ಕೈಗೆ ಅವರ ರಕ್ತದ ಸ್ಥಿತಿಯನ್ನು ತಿಳಿಸುವ ಒಂದು ಕಾರ್ಡನ್ನು ಕೊಡುತ್ತಾರೆ. ಗುಣ ಹೊತ್ತ ಇಬ್ಬರು ಮದುವೆಯಾದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವವಿದೆ ಎಂಬುದನ್ನು ಮೊದಲೇ ತಿಳಿಯುವುದು ಒಳ್ಳೆಯದೇ. ನೋವಿನಿಂದ ರಾತ್ರಿಯಿಡೀ ಅಳುವ ಕೂಸನ್ನು ಹಿಡಿದು ಕುಳಿತ ತಾಯಿಗೆ, ಚರಿತ್ರೆಯ ಸೂಕ್ಷ್ಮಗಳಿಗಿಂತ ಹತ್ತಿರದ ಆಸ್ಪತ್ರೆಯಲ್ಲಿ ಹೈಡ್ರಾಕ್ಸಿಯೂರಿಯ ಮಾತ್ರೆ ಇದೆಯೋ ಇಲ್ಲವೋ ಎಂಬುದು ದೊಡ್ಡದು. ಆದರೆ ಗುಣ ಹೊತ್ತವನು ರೋಗಿಯಲ್ಲ ಎಂಬ ಮಾತನ್ನು ಕಾರ್ಡು ಕೊಡುವವರು ಕೂತು ಬಿಡಿಸಿ ಹೇಳದಿದ್ದರೆ, ಅದು ಹುಡುಗಿಯೊಬ್ಬಳ ಮದುವೆಯನ್ನು ನಿಲ್ಲಿಸಬಲ್ಲದು. ಒಂದು ಹಾಡಿಗೇ ಕೆಟ್ಟ ರಕ್ತದವರೆಂಬ ಹೆಸರು ತರಬಲ್ಲದು. ಆ ಗುಣವೇ ಅವರ ಅಜ್ಜ ಮುತ್ತಜ್ಜಂದಿರನ್ನು ಚಳಿಜ್ವರದಿಂದ ಕಾಪಾಡಿದ್ದು ಎಂಬುದನ್ನು ಯಾವ ಕಾರ್ಡಿನಲ್ಲಿಯೂ ಅಚ್ಚುಮಾಡಿಲ್ಲ.

ಬಸ್ಸಿನ ಹಿರಿಯರಿಗೆ ಇಷ್ಟನ್ನೆಲ್ಲ ಹೇಳಲು ದಾರಿ ಸಾಲಲಿಲ್ಲ. ಹಡಗಿನ ಕಥೆ ನಿಜವಲ್ಲವೆಂದು ಪುಸ್ತಕವೇ ಹೇಳಿದೆ ಎಂದಷ್ಟೇ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಕರಿಕೆ ಹತ್ತಿರವಾದಾಗ ಮಾತು ಹಳೆಯ ಕಾಲದ ಜ್ವರಕ್ಕೆ ತಿರುಗಿತು. ಅವರ ಅಜ್ಜಿಗೆ ಒಂಬತ್ತು ಮಕ್ಕಳಂತೆ. ಆರು ಮಂದಿ ಚಳಿಜ್ವರಕ್ಕೆ ಹೋದರು, ಮೂವರಿಗೆ ಅದು ತಾಗಿಯೂ ತಾಗದಂತೆ ಬಿಟ್ಟುಹೋಯಿತು, ಆ ಮೂವರಲ್ಲಿ ಒಬ್ಬರು ಇವರ ತಂದೆ. "ದೇವರು ದೊಡ್ಡವನು," ಎಂದರು. ಊರಿನಲ್ಲಿ ರಕ್ತಪರೀಕ್ಷೆಯ ಶಿಬಿರ ನಡೆದರೆ ನೀವೂ ಹೋಗುವಿರಾ ಎಂದು ಕೇಳಿದೆ. "ಅದು ಅವರಿಗೆ ಸಾರ್, ನಮಗಲ್ಲ," ಎಂದು ಹಿಂದಿನ ಸೀಟಿನ ಕಡೆಗೆ ಗಲ್ಲ ತೋರಿಸಿ, ಕೊಡೆಯನ್ನು ಹಿಡಿದು ಇಳಿದುಹೋದರು.